ಟಿವಿ ಸುದ್ದಿ ನೋಡಿ ಅಪ್ಪ ಗಾಬರಿ ಆಗ್ತಾರೆ, ಏನು ಮಾಡಲಿ?

ಕೇಳಿದವರು: ಅಪ್ಪ ರಿಟೈರ್ ಆಗಿ ಎರಡು ವರ್ಷ. ಬೆಳಗಿನ ಕಾಫಿಯಿಂದ ರಾತ್ರಿ ಊಟದವರೆಗೆ ನ್ಯೂಸ್ ಚಾನೆಲ್ಲೇ. ಮೊನ್ನೆ ಹಾಸನದಿಂದ ಫೋನ್ ಮಾಡಿ, "ಬೆಂಗಳೂರು ಮುಳುಗ್ತಿದೆಯಂತೆ, ಆಫೀಸಿಗೆ ಹೋಗ್ಬೇಡ" ಎಂದರು. ನಮ್ಮ ಬೀದಿಯಲ್ಲಿ ತುಂತುರು ಮಳೆಯೂ ಇರಲಿಲ್ಲ. "ಅದೆಲ್ಲ ಸುಳ್ಳಪ್ಪ" ಎಂದರೆ "ಕಣ್ಣಾರೆ ನೋಡ್ತಿದ್ದೀನಲ್ಲೋ" ಎನ್ನುತ್ತಾರೆ. ನಿಮ್ಮ ಮನೆಗಳಲ್ಲಿ ಹೇಗೆ ತಿಳಿಸಿ ಹೇಳಿದಿರಿ?

ಹಿಂದೆ ಚಾನೆಲ್ ಡೆಸ್ಕಿನಲ್ಲಿದ್ದವರು: ಮೊದಲು "ಸುಳ್ಳು" ಎನ್ನುವುದನ್ನು ಬಿಡಿ. ಅಪ್ಪ ನೋಡಿದ ನೀರು ನಿಜದ್ದೇ. ನಾನು ಆರು ವರ್ಷ ಇದೇ ಕೆಲಸ ಮಾಡಿದ್ದೇನೆ. ಅಂಡರ್‌ಪಾಸಿನಲ್ಲಿ ಕಾರು ಸಿಕ್ಕಿಕೊಂಡ ಹನ್ನೆರಡು ಸೆಕೆಂಡಿನ ವಿಡಿಯೊ ಬರುತ್ತಿತ್ತು. ಅದನ್ನೇ ಸುತ್ತಿಸಿ ಸುತ್ತಿಸಿ ಅರ್ಧ ಗಂಟೆ ಓಡಿಸುತ್ತಿದ್ದೆವು. ಒಂದೇ ಕಾರು ನೂರು ಸಲ ಮುಳುಗಿದರೆ ನೋಡುವವರಿಗೆ ಊರೇ ಮುಳುಗಿದ ಹಾಗೆ. ಹಿಂದೆ ಢಂ ಢಂ ಸದ್ದು, ಕೆಳಗೆ ಕೆಂಪು ಪಟ್ಟಿ: "ಮುಳುಗುತ್ತಾ ರಾಜಧಾನಿ?" ಆ ಪ್ರಶ್ನಾರ್ಥಕ ಚಿಹ್ನೆಯೇ ನಮ್ಮ ಛತ್ರಿ. ನಾವೇನೂ ಹೇಳಲಿಲ್ಲ, ಸುಮ್ನೆ ಕೇಳಿದೆವು, ಅಲ್ವಾ? ಹಳೆಯ ದೃಶ್ಯವಾದರೆ ಮೂಲೆಯಲ್ಲಿ ಇರುವೆ ಗಾತ್ರದಲ್ಲಿ "ಸಂಗ್ರಹ ಚಿತ್ರ" ಎಂದು ಹಾಕುತ್ತಿದ್ದೆವು.

ಯಾಕೆ ಅಂದ್ರೆ ಟಿಆರ್‌ಪಿ, ಅಂದರೆ ಯಾವ ಚಾನೆಲನ್ನು ಎಷ್ಟು ಜನ ನೋಡಿದರು ಅನ್ನುವ ರೇಟಿಂಗ್. ದೇಶದಲ್ಲಿ 20 ಕೋಟಿಗೂ ಜಾಸ್ತಿ ಮನೆಗಳಲ್ಲಿ ಟಿವಿ ಇದೆ. ಅದನ್ನು ಅಳೆಯುವ ಬಾರ್ಕ್ ಸಂಸ್ಥೆಯ ಮೀಟರ್ ಇರುವುದು ಒಂದು ಲಕ್ಷಕ್ಕೂ ಕಡಿಮೆ ಮನೆಗಳಲ್ಲಿ ಮಾತ್ರ. ಆ ಮನೆಗಳಲ್ಲಿ ಯಾರೂ ರಿಮೋಟ್ ಒತ್ತಬಾರದು, ಅಷ್ಟೇ ನಮ್ಮ ಗುರಿ. ಗುರುವಾರ ಅಂಕಿ ಬಂದರೆ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು. ಟಿಆರ್‌ಪಿ ತಿರುಚಿದ ಆರೋಪದ ಗಲಾಟೆ ಎದ್ದು, 2020ರ ಅಕ್ಟೋಬರ್‌ನಲ್ಲಿ ಸುದ್ದಿ ಚಾನೆಲ್‌ಗಳ ರೇಟಿಂಗ್ ನಿಲ್ಲಿಸಿದರು. ಮತ್ತೆ ಶುರುವಾಗಿದ್ದು 2022ರ ಮಾರ್ಚ್‌ನಲ್ಲಿ. ಆ ನಡುವೆಯೂ ಕೂಗಾಟ ನಿಲ್ಲಲಿಲ್ಲ. ಅಭ್ಯಾಸ ಆಗಿಬಿಟ್ಟಿತ್ತು.

ಅಪ್ಪನಿಗೆ ಮ್ಯೂಟ್ ಮಾಡಿ ನೋಡಲು ಹೇಳಿ. ಸದ್ದು ಹೋದರೆ ಅದೇ ಕಾರು ಮತ್ತೆ ಮತ್ತೆ ಬರುವುದು ತಾನಾಗೇ ಕಾಣುತ್ತದೆ.

ದಾವಣಗೆರೆಯ ಅಂಗಡಿಯವರು: ನಮ್ಮತ್ತೆ ಕಥೆ ಕೇಳಿ. 2016ರ ನವೆಂಬರ್. ಹೊಸ 2000 ರೂಪಾಯಿ ನೋಟಿನಲ್ಲಿ ಚಿಪ್ ಇದೆ, 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹಕ್ಕೆ ಗೊತ್ತಾಗುತ್ತದೆ ಎಂದು ವಾಟ್ಸಾಪಿನಲ್ಲಿ ಬಂತು. ಕೆಲವು ಟಿವಿಯವರೂ ಅದನ್ನೇ ಹೇಳಿದರು. ಅಂಥದ್ದೇನೂ ಇಲ್ಲ ಎಂದು ರಿಸರ್ವ್ ಬ್ಯಾಂಕೇ ಹೇಳಿದರೂ ಅತ್ತೆ ನಂಬಲಿಲ್ಲ. ಇದ್ದ ಒಂದೇ ನೋಟನ್ನು ಬಲ್ಬಿಗೆ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ಸ್ಟೀಲ್ ಡಬ್ಬಿಗೆ ಹಾಕಿ ಅಕ್ಕಿ ಮೂಟೆಯೊಳಗೆ ತಳ್ಳಿದರು. ವಾದ ಮಾಡಿ ಸೋತೆ. ಕೊನೆಗೆ, "ಅತ್ತೆ, ಅಷ್ಟಾಳ ಅಂದ್ರೆ 400 ಅಡಿ, ನಮ್ಮ ಬೋರ್‌ವೆಲ್ಲು. ನಡುಮನೆಯಲ್ಲೇ ಮೊಬೈಲ್ ಸಿಗ್ನಲ್ ಸಿಗಲ್ಲ, ಅಲ್ಲಿಂದ ಸಿಗುತ್ತಾ?" ಎಂದೆ. ನಕ್ಕರು. ನೋಟು ಮಾತ್ರ ಅಕ್ಕಿಯಲ್ಲೇ ಉಳಿಯಿತು.

ಪತ್ರಿಕೋದ್ಯಮ ಪಾಠ ಮಾಡುವವರು: ಟಿವಿಯವರನ್ನೇ ಬೈಯಬೇಡಿ, ಈ ಚಾಳಿ ಹಳೆಯದು. 1898ರ ಫೆಬ್ರುವರಿ 15ರಂದು, ಆಗ ಸ್ಪೇನ್ ಆಳುತ್ತಿದ್ದ ಕ್ಯೂಬಾದ ಹವಾನಾ ಬಂದರಿನಲ್ಲಿ ಅಮೆರಿಕದ ಮೇನ್ ಎಂಬ ಯುದ್ಧನೌಕೆ ಸಿಡಿದು 260ಕ್ಕೂ ಹೆಚ್ಚು ಜನ ಸತ್ತರು. ಇಷ್ಟು ನಿಜ. ಯಾಕೆ ಸಿಡಿಯಿತು ಅನ್ನೋದು ಯಾರಿಗೂ ಗೊತ್ತಿರಲಿಲ್ಲ. ಹರ್ಸ್ಟ್ ಎಂಬ ಮಾಲೀಕನ ನ್ಯೂಯಾರ್ಕ್ ಜರ್ನಲ್ ಪತ್ರಿಕೆ ತನಿಖೆಗೂ ಕಾಯದೆ ಶತ್ರುವಿನ ಕೈವಾಡ ಎಂದು ಬರೆಯಿತು, ಸಿಡಿಸಿದವರ ಸುಳಿವು ಕೊಟ್ಟವರಿಗೆ 50,000 ಡಾಲರ್ ಬಹುಮಾನ ಸಾರಿತು. ಏಪ್ರಿಲ್‌ನಲ್ಲಿ ಸ್ಪೇನ್ ಜೊತೆ ಯುದ್ಧ. (ಪತ್ರಿಕೆಯಿಂದಲೇ ಯುದ್ಧವಾಯಿತು ಅನ್ನೋದೂ ಉಪ್ಪುಖಾರ ಹಚ್ಚಿದ ಮಾತೇ.) 1976ರಲ್ಲಿ ಅಮೆರಿಕದ ನೌಕಾಪಡೆಯ ಅಡ್ಮಿರಲ್ ರಿಕೋವರ್ ಅವರ ತಂಡ, ಹಡಗಿನ ಕಲ್ಲಿದ್ದಲಿಗೆ ಬಿದ್ದ ಬೆಂಕಿಯೇ ಕಾರಣ ಇರಬೇಕು ಎಂದಿತು. ನಿಮ್ಮ ಅಪ್ಪನಿಗೆ ಕೇಳಿ: ಎಷ್ಟು ಬೀದಿಗೆ ನೀರು ನುಗ್ಗಿದೆ ಅಂತ ಟಿವಿಯಲ್ಲಿ ಹೇಳಿದರಾ? ಹೇಳದೆ ಬಿಟ್ಟ ಜಾಗಕ್ಕೇ ಭಯ ತುಂಬುವುದು.

ಪುಣೆಯಿಂದ ಒಬ್ಬರು: ನಮ್ಮಪ್ಪನಿಗೆ ಫೋನ್ ಮಾಡೋಕೆ ನೆಪ ಬೇಕಿತ್ತು. ದಿನಾ ಸಂಜೆ ಏಳಕ್ಕೆ ನಾನೇ ಮಾಡತೊಡಗಿದೆ. ಪ್ರಳಯ ಕಮ್ಮಿ ಆಯ್ತು.

ಕೇಳಿದವರು: ನಿನ್ನೆ ಅಪ್ಪನಿಗೆ ಮ್ಯೂಟ್ ಒತ್ತಲು ಹೇಳಿದೆ. ಹತ್ತು ನಿಮಿಷ ನೋಡಿ, "ಇವನ್ಯಾಕೋ ಹೀಗೆ ಕೈ ಬೀಸ್ತಾನೆ, ನೊಣ ಏನಾದ್ರೂ ಇದೆಯಾ?" ಎಂದರಂತೆ. ಆಮೇಲೆ ಕುರ್ಚಿಯಲ್ಲೇ ನಿದ್ದೆ ಹೋದರು ಎಂದು ಅಮ್ಮ ಹೇಳಿದಳು. ಏಳು ಗಂಟೆ ಫೋನೂ ಇವತ್ತಿಂದ ಶುರು.