ಮಿನೆಸೋಟಾ ಸ್ಟೇಟ್ ಫೇರ್‌ನಲ್ಲಿ ಯೂನಿವರ್ಸಿಟಿಯವರ ಮಳಿಗೆಗಳು: ರೈತ ಅಪ್ಪನನ್ನ ಎಲ್ಲೆಲ್ಲಿಗೆ ಕರ್ಕೊಂಡು ಹೋಗಲಿ?

ಪಾಂಡವಪುರದ_ಹೈದ

ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮ ಮೇ ತಿಂಗಳಲ್ಲಿ ಊರಿಂದ ಬಂದಿದ್ದಾರೆ, ಅಕ್ಟೋಬರ್‌ವರೆಗೂ ಇರ್ತಾರೆ. ಅಪ್ಪ ಕಬ್ಬು, ಭತ್ತ ಬೆಳೆಯೋರು. ಮನೇಲಿ ಎರಡು ಎಚ್‌ಎಫ್ ಹಸು ಇದಾವೆ, ಡೇರಿಗೆ ಹಾಲು ಹಾಕ್ತಾರೆ. ನವೆಂಬರ್ ಬಂತು ಅಂದ್ರೆ ಊರಿನೋರೆಲ್ಲ ಸೇರಿ ಟೆಂಪೋ ಮಾಡ್ಕೊಂಡು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ, ಅಂದ್ರೆ ಜಿಕೆವಿಕೆಯ ಕೃಷಿ ಮೇಳಕ್ಕೆ ಹೋಗೋದು ಅವರಿಗೆ ರೂಢಿ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ಅಂತೂ ಹೇಳೋದೇ ಬೇಡ, ಅಲ್ಲಿನ ತನು ಭತ್ತ ನಮ್ಮ ಹೋಬಳೀಲಿ ಮೊದಲು ಹಾಕಿದವರಲ್ಲಿ ಇವರೂ ಒಬ್ರು.

ಇಲ್ಲಿಯ ಸ್ಟೇಟ್ ಫೇರ್‌ಗೆ, ಅಂದ್ರೆ ಮಿನೆಸೋಟಾ ರಾಜ್ಯದ ದೊಡ್ಡ ಜಾತ್ರೆಗೆ ಹೋಗೋಣ ಅಂದೆ. "ಯಾವ ಯೂನಿವರ್ಸಿಟಿಯೋರು ನಡೆಸ್ತಾರಪ್ಪ?" ಅಂತ ಮೊದಲ ಪ್ರಶ್ನೇನೇ ಅದು. ನನಗೆ ಉತ್ತರ ಗೊತ್ತಿರ್ಲಿಲ್ಲ. ನಾನು ಆಫೀಸಿನೋರ ಜೊತೆ ಹೋದಾಗ ನೋಡಿದ್ದು ಚೀಸ್ ಕರ್ಡ್ಸು, ಕಡ್ಡಿಗೆ ಚುಚ್ಚಿ ಕರಿದಿರೋ ತಿಂಡಿಗಳು, ರಾತ್ರಿ ಗ್ರ್ಯಾಂಡ್‌ಸ್ಟ್ಯಾಂಡಿನ ಹಾಡು, ಅಷ್ಟೇ. ಯೂನಿವರ್ಸಿಟಿ ಆಫ್ ಮಿನೆಸೋಟಾದ ಬೋರ್ಡು ಒಂದೆರಡು ಕಡೆ ಕಂಡಿತ್ತು. ಒಂದು ಕಟ್ಟಡದ ಮುಂದೆ ಒಂದು ಹುಡುಗಿ "ಸಂಶೋಧನೆಗೆ ಸೇರ್ಕೋತೀರಾ, ಬ್ಯಾಗ್ ಕೊಡ್ತೀವಿ" ಅಂತ ಕೂಗ್ತಾ ಇದ್ಲು. ಅದೇನು, ಅಪ್ಪ ಅಮ್ಮ ಅಲ್ಲಿ ಏನಾದ್ರೂ ಕೊಡಬಹುದಾ, ಕೊಡಬಾರದಾ?

ಇನ್ನೊಂದು ವಿಷಯ. ಇಂಡಿಯನ್ ಸ್ಟೋರ್‌ನಿಂದ ತಂದ ಅವರೆಕಾಳನ್ನ ಅಪ್ಪ ಹಿತ್ತಲಲ್ಲಿ ಊರಿದ್ರು. ಬಳ್ಳಿ ಬೇಲಿ ದಾಟಿ ಪಕ್ಕದ ಮನೆಗೆ ಹೊರಟಿದೆ. ಆದ್ರೆ ಇದುವರೆಗೂ ಒಂದು ಹೂವಿಲ್ಲ. "ಈ ದೇಶದ ಮಣ್ಣೇ ಸರಿ ಇಲ್ಲ" ಅಂತ ತೀರ್ಪು ಕೊಟ್ಬಿಟ್ಟಿದ್ದಾರೆ. ಅಲ್ಲಿ ಇಂಥದ್ದು ಕೇಳೋಕೆ ಯಾರಾದ್ರೂ ಸಿಗ್ತಾರಾ?

ಈಡನ್_ಪ್ರೈರಿ_ರಾಯರು

ಟಿಕೆಟ್ಟೇ ಇಪ್ಪತ್ತು ಡಾಲರ್ ಆಸುಪಾಸು, ಅದರ ಮೇಲೆ ಜನಜಾತ್ರೆ. 2019ರಲ್ಲಿ 12 ದಿನಕ್ಕೆ 21 ಲಕ್ಷ ಜನ ಬಂದಿದ್ರು. ಹೋಗೋದೇ ಆದ್ರೆ ಲೇಬರ್ ಡೇ (ಸೆಪ್ಟೆಂಬರ್ ಮೊದಲ ಸೋಮವಾರದ ರಜೆ) ವೀಕೆಂಡ್ ಬಿಟ್ಟು ಮಂಗಳವಾರನೋ ಬುಧವಾರನೋ ಬೆಳಿಗ್ಗೆನೇ ಹೋಗಿ. ಯೂನಿವರ್ಸಿಟಿ ಮಳಿಗೆ ಅಂದ್ರೆ ಟೀ ಶರ್ಟು, ಯೂನಿವರ್ಸಿಟಿ ಲಾಂಛನದ ಗೋಫರ್ ಪ್ರಾಣಿಯ ವೇಷ ಹಾಕಿದವನ ಜೊತೆ ಫೋಟೋ. ಜಿಕೆವಿಕೆ ಮೇಳಕ್ಕೆ ಹೋಲಿಸಬೇಡಿ, ಅಪ್ಪಂಗೆ ನಿರಾಸೆ ಆಗತ್ತೆ.

ತೋಟದ_ಅಕ್ಕ

ರಾಯರೇ, ನೀವು ಹೇಳಿದ್ದು ಆ ಒಂದು ಕಟ್ಟಡಕ್ಕೆ ಸರಿ, ಉಳಿದದ್ದಕ್ಕೆ ಅಲ್ಲ. ನಾನು ತೀರ್ಥಹಳ್ಳಿ ಕಡೆಯವಳು, ಅಡಿಕೆ ತೋಟದ ಮನೆ. ಈಗ ಇಲ್ಲಿ ನಮ್ಮ ಕೌಂಟಿಯ ಮಾಸ್ಟರ್ ಗಾರ್ಡನರ್. ಯೂನಿವರ್ಸಿಟಿಯ ಎಕ್ಸ್‌ಟೆನ್ಷನ್, ಅಂದ್ರೆ ವಿಸ್ತರಣಾ ವಿಭಾಗದವರು ಪಾಠ ಹೇಳಿ ತಯಾರು ಮಾಡೋ ವಾಲಂಟಿಯರ್‌ಗಳು ನಾವು. ಮೊದಲ ವರ್ಷ 50 ಗಂಟೆ, ಆಮೇಲೆ ವರ್ಷಕ್ಕೆ 25 ಗಂಟೆ ಊರಿಗೆ ದುಡಿಯಬೇಕು, ಸಂಬಳ ಇಲ್ಲ. ಆ ಗಂಟೆಗಳಲ್ಲಿ ಕೆಲವನ್ನ ನಾನು ಫೇರ್‌ನ ಮೇಜಿನ ಹಿಂದೆ ಕಳೀತೀನಿ. ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಸಹಿಸ್ಕೊಳ್ಳಿ.

ಹೈದ ಅವರೇ, ನಿಮ್ಮ ತಂದೆಯವರ ಪ್ರಶ್ನೆ ಬಹಳ ಸರಿಯಾದದ್ದು. ಫೇರ್ ನಡೆಸೋದು ಯೂನಿವರ್ಸಿಟಿ ಅಲ್ಲ, ಸ್ಟೇಟ್ ಅಗ್ರಿಕಲ್ಚರಲ್ ಸೊಸೈಟಿ. ಮಿನೆಸೋಟಾ ರಾಜ್ಯ ಆಗಿದ್ದು 1858ರಲ್ಲಿ, ಮೊದಲ ಫೇರ್ 1859ರಲ್ಲಿ. ಈಗಿನ ಜಾಗಕ್ಕೆ ಬಂದಿದ್ದು 1885ರಲ್ಲಿ. ಯೂನಿವರ್ಸಿಟಿ ಅಲ್ಲಿ ಅತಿಥಿ, ಆದ್ರೆ ಬೇಲಿ ಆಚೆಯ ಅತಿಥಿ. ಅವರ ಸೇಂಟ್ ಪಾಲ್ ಕ್ಯಾಂಪಸ್ಸು, ಅಂದ್ರೆ ಕೃಷಿ, ಪಶುವೈದ್ಯ ಕಾಲೇಜುಗಳು, ಫೇರ್ ಮೈದಾನಕ್ಕೆ ಅಂಟಿಕೊಂಡೇ ಇದೆ. ನಿಮ್ಮ ತಂದೆಯವರಿಗೆ ಹಸಿರು ಕ್ರಾಂತಿಯ ನಾರ್ಮನ್ ಬೋರ್ಲಾಗ್ ಹೆಸರು ಗೊತ್ತಿರತ್ತೆ. ಅವರು ಓದಿದ್ದು, 1942ರಲ್ಲಿ ಪಿಎಚ್‌ಡಿ ಪಡೆದಿದ್ದು ಇದೇ ಯೂನಿವರ್ಸಿಟಿಯಲ್ಲಿ. ಆ ಕ್ಯಾಂಪಸ್ಸಲ್ಲಿ ಅವರ ಹೆಸರಿನ ಕಟ್ಟಡ ಇದೆ. ಫೇರ್ ಮುಗಿಸಿ ಬರುವಾಗ ಕಾರಲ್ಲೇ ಒಂದು ಸುತ್ತು ಹಾಕಿಸಿ.

ಯೂನಿವರ್ಸಿಟಿಯವರು ಜಾತ್ರೆಗೆ ಯಾಕೆ ಬರಬೇಕು ಅಂದ್ರೆ, ಕಾನೂನಿನ ಬೇರು ಇದೆ. 1862ರ ಮಾರಿಲ್ ಕಾಯ್ದೆ ಪ್ರಕಾರ ಒಕ್ಕೂಟ ಸರ್ಕಾರ ರಾಜ್ಯಗಳಿಗೆ ಜಮೀನು ಕೊಟ್ಟು, ಅದರ ದುಡ್ಡಲ್ಲಿ ಕೃಷಿ ಕಲಿಸೋ ಕಾಲೇಜು ಕಟ್ಟಿ ಅಂತು. (ಆ ಜಮೀನು ಯಾರದ್ದಾಗಿತ್ತು ಅಂತ ಕೇಳಿದ್ರೆ ಇಲ್ಲಿಯ ಮೂಲನಿವಾಸಿಗಳಾದ ಡಕೋಟಾ, ಒಜಿಬ್ವೆ ಜನರ ಕಥೆ ಬರತ್ತೆ. ಈಗೀಗ ಯೂನಿವರ್ಸಿಟಿಯ ಒಳಗೇ ಆ ಪ್ರಶ್ನೆ ಜೋರಾಗಿ ಕೇಳ್ತಿದ್ದಾರೆ.) 1914ರ ಸ್ಮಿತ್-ಲೀವರ್ ಕಾಯ್ದೆ ಬಂದಮೇಲೆ, ಕಲಿತದ್ದನ್ನ ಕಾಲೇಜಿನ ಹೊರಗೆ ಜನರ ಹತ್ರ ತಗೊಂಡು ಹೋಗೋದಕ್ಕೇ ಒಂದು ವ್ಯವಸ್ಥೆ ಆಯ್ತು. ಅದೇ ಎಕ್ಸ್‌ಟೆನ್ಷನ್. 1964ರಲ್ಲಿ ಶುರುವಾದ ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಕೂಡ ಇದೇ ಅಚ್ಚಿನದ್ದು, ಟೆನೆಸೀ ಯೂನಿವರ್ಸಿಟಿಯವರು ಆಗ ಕೈಜೋಡಿಸಿದ್ರು. ಬೋಧನೆ, ಸಂಶೋಧನೆ, ವಿಸ್ತರಣೆ ಅಂತ ಜಿಕೆವಿಕೆಯವರು ಹೇಳೋ ಮೂರೂ ಇಲ್ಲಿಯ ಮೂರೇ. ತಂದೆಯವರಿಗೆ ಇಷ್ಟು ಹೇಳಿದ್ರೆ ಸಾಕು, ಉಳಿದದ್ದು ಅವರಿಗೇ ಅರ್ಥ ಆಗತ್ತೆ.

ಆದ್ರೆ ಒಂದು ವ್ಯತ್ಯಾಸ ಮೊದಲೇ ಹೇಳಿಬಿಡಿ. ಕೃಷಿ ಮೇಳಕ್ಕೆ ಬರೋರು ರೈತರು. ಬೀಜ ಕೊಳ್ತಾರೆ, ಪಂಪ್‌ಸೆಟ್ ನೋಡ್ತಾರೆ, ತಾಕಿನ ಮುಂದೆ ನಿಂತು ವಿಜ್ಞಾನಿಗಳ ಜೊತೆ ಜಗಳ ಆಡ್ತಾರೆ. ಸ್ಟೇಟ್ ಫೇರ್‌ಗೆ ಬರೋರಲ್ಲಿ ಹೆಚ್ಚಿನವರು ಪೇಟೆಯವರು. ಹಾಲು ಕುಡಿದು ಗೊತ್ತು, ಕರು ಹಾಕೋದು ನೋಡಿ ಗೊತ್ತಿಲ್ಲ. ಯೂನಿವರ್ಸಿಟಿ ಅಲ್ಲಿ ಮಾತಾಡೋದು ಅವರ ಜೊತೆ. ತಂದೆಯವರಿಗೆ ಟ್ರ್ಯಾಕ್ಟರು, ಬೀಜ ಕಂಪನಿ, ರೈತರ ಚರ್ಚೆ ಬೇಕು ಅಂದ್ರೆ ಅದು ಆಗಸ್ಟ್ ಮೊದಲ ಭಾಗದಲ್ಲಿ ಮಾರ್ಗನ್ ಊರಿನ ಹತ್ರ ಹೊಲದ ಮಧ್ಯೆ ನಡೆಯೋ ಫಾರ್ಮ್‌ಫೆಸ್ಟ್. ಈ ವರ್ಷದ್ದು ಮುಗೀತು, ಮುಂದಿನ ಸಲ ಬಂದಾಗ ಬಿಡಬೇಡಿ.

ಈಗ ಎಲ್ಲಿಗೆ ಹೋಗಬೇಕು ಅಂತ. ಮರೂನ್ ಬಣ್ಣದ ಮುಖ್ಯ ಕಟ್ಟಡ ರಾಯರು ಹೇಳಿದ ಹಾಗೇ, ಹಳೇ ವಿದ್ಯಾರ್ಥಿಗಳಿಗೆ ಸರಿ. ಬಿಸಿಲು ಜೋರಾದಾಗ ಒಳಗೆ ಹೋಗಿ ಕೂತು ಬನ್ನಿ.

ಮೊದಲು ಮಿರಾಕಲ್ ಆಫ್ ಬರ್ತ್ ಸೆಂಟರ್. ಪಶುವೈದ್ಯ ಕಾಲೇಜಿನವರೂ, ಎಫ್‌ಎಫ್‌ಎ ಅನ್ನೋ ಕೃಷಿ ಕಲಿಯೋ ಶಾಲಾ ಮಕ್ಕಳ ಸಂಘದವರೂ ಇರ್ತಾರೆ. ಹಸು, ಕುರಿ, ಹಂದಿಗಳು ಜನರ ಎದುರಿಗೇ ಈಯ್ತವೆ. ಸುತ್ತ ಮೆಟ್ಟಿಲು ಹಾಕಿದ್ದಾರೆ, ಟಿವಿ ಪರದೆ ಹಾಕಿದ್ದಾರೆ, ಕರುವಿನ ಮುಂಗಾಲು ಕಂಡ ಕೂಡಲೇ ಜನ ಉಸಿರು ಬಿಗಿಹಿಡಿದು ನಿಲ್ತಾರೆ. ನಿಮ್ಮ ತಂದೆ "ಇದನ್ನ ನೋಡೋಕೆ ದುಡ್ಡು ಕೊಟ್ಟು ಬಂದ್ವಾ" ಅನ್ನಬಹುದು. ಆದ್ರೆ ಅಲ್ಲಿ ನಿಂತಿರೋ ಪಶುವೈದ್ಯ ವಿದ್ಯಾರ್ಥಿಗಳ ಹತ್ರ ಅವರ ಎಚ್‌ಎಫ್‌ಗಳ ಬಗ್ಗೆ ಬಾಯಿಬಿಡಿಸಿ. ಕರು ಅಡ್ಡ ಬಂದ್ರೆ ಏನು ಮಾಡ್ತೀರಿ, ಕಸ (ಮಾಸು) ಬೀಳದಿದ್ರೆ ಏನು ಮಾಡ್ತೀರಿ, ಕೆಚ್ಚಲು ಬಾವಿಗೆ ಏನು ಕೊಡ್ತೀರಿ. ದಿನವಿಡೀ "ಇದು ಗಂಡಾ ಹೆಣ್ಣಾ" ಅಂತಲೇ ಕೇಳಿಸ್ಕೊಂಡು ಸುಸ್ತಾಗಿರೋ ಆ ಹುಡುಗರಿಗೆ ಹಸು ಸಾಕಿದವರು ಸಿಕ್ಕಿದ್ರೆ ಹಬ್ಬ.

ಅಲ್ಲಿಂದ ದನದ ಕೊಟ್ಟಿಗೆ ಸಾಲಿಗೆ ಹೋಗಿ. ಎಕ್ಸ್‌ಟೆನ್ಷನ್‌ನವರೇ ನಡೆಸೋ 4-ಎಚ್ ಅನ್ನೋ ಮಕ್ಕಳ ಸಂಘ ಇದೆ. ಹತ್ತನ್ನೆರಡು ವರ್ಷದ ಮಕ್ಕಳು ತಾವೇ ಸಾಕಿದ ಹೋರಿ, ಕಡಸು, ಕುರಿ ಹಿಡ್ಕೊಂಡು ಬಂದು, ಮೈ ತೊಳೆದು, ರೋಮ ಬಾಚಿ, ತೀರ್ಪುಗಾರರ ಮುಂದೆ ನಡೆಸ್ತಾರೆ. ಬರೀ ಹಸುವಿಗಲ್ಲ, ಸಾಕಿದ ಮಗುವಿಗೂ ಪ್ರಶ್ನೆ ಇರತ್ತೆ. ಮೇವು ಎಷ್ಟು, ಯಾಕೆ, ಲೆಕ್ಕ ಬರೆದಿದ್ದೀಯಾ ಅಂತ. ಜಾಸ್ತಿ ಸ್ಪರ್ಧೆ ಫೇರ್‌ನ ಮೊದಲ ದಿನಗಳಲ್ಲಿ, ಅದಕ್ಕೆ ಬೇಗ ಹೋದ್ರೆ ಒಳ್ಳೇದು. ಹಳ್ಳಿಕಾರ್ ಜೋಡಿ ಕಟ್ಟಿ ಜಾತ್ರೆಗೆ ಹೋದವರಿಗೆ ಇಲ್ಲಿ ಯಾರ ವಿವರಣೆಯೂ ಬೇಡ.

ಕೊನೆಗೆ ನನ್ನ ಅಡ್ಡಾ. ಅಗ್ರಿಕಲ್ಚರ್ ಹಾರ್ಟಿಕಲ್ಚರ್ ಬಿಲ್ಡಿಂಗ್. ಬೀಜ ಅಂಟಿಸಿ ಮಾಡಿದ ಚಿತ್ರಗಳು, ಜೇನು, ಸೇಬು ಎಲ್ಲ ಅಲ್ಲೇ. ಸೇಬಿನ ಹತ್ರ ಸ್ವಲ್ಪ ನಿಲ್ಲಿ. ನೀವು ಅಂಗಡೀಲಿ ಕೊಳ್ಳೋ ಹನಿಕ್ರಿಸ್ಪ್ ಇದೇ ಯೂನಿವರ್ಸಿಟಿಯ ತಳಿ. 1960ರಲ್ಲಿ ಸಂಕರ ಮಾಡಿದ್ದು, 1991ರಲ್ಲಿ ಬಿಡುಗಡೆ. ನಡುವೆ ಚಳಿಗಾಲದಲ್ಲಿ ಏಟು ತಿಂದ ಆ ಗಿಡವನ್ನ ಕಿತ್ತು ಬಿಸಾಡೋ ಪಟ್ಟಿಗೆ ಸೇರಿಸಿದ್ರು. ಆಮೇಲೆ ಬಂದ ತಳಿ ವಿಜ್ಞಾನಿ ಡೇವಿಡ್ ಬೆಡ್‌ಫರ್ಡ್ ಅದರ ಕಸಿ ಗಿಡಗಳಿಗೆ ಇನ್ನೊಂದು ಅವಕಾಶ ಕೊಟ್ರು. 2006ರಲ್ಲಿ ಅದು ಮಿನೆಸೋಟಾದ ರಾಜ್ಯ ಹಣ್ಣೇ ಆಯ್ತು. ಮೂವತ್ತು ವರ್ಷ ಒಂದು ತಳಿಗೆ ಕಾಯೋದು ಅಂದ್ರೆ ಏನು ಅಂತ ಖಾಸಗಿ ಕಂಪನಿಗೆ ಕೇಳಿ ನೋಡಿ.

ನಮ್ಮ ಮೇಜಿನಲ್ಲಿ ತಂದೆಯವರು ನಂಬಲಾರದ ಒಂದು ಸುದ್ದಿ ಇದೆ: ಎರೆಹುಳು ಇಲ್ಲಿ ಪೀಡೆ. ಹಿಮಯುಗದಲ್ಲಿ ಈ ನೆಲವನ್ನೆಲ್ಲ ಹಿಮನದಿ ಉಜ್ಜಿಕೊಂಡು ಹೋದಮೇಲೆ ಮಿನೆಸೋಟಾದಲ್ಲಿ ಸ್ವಂತ ಎರೆಹುಳು ಉಳೀಲಿಲ್ಲ. ಇಲ್ಲಿಯ ಕಾಡು ಎರೆಹುಳು ಇಲ್ಲದೇ ಬೆಳೆದದ್ದು. ಈಗ ಇರೋವು ಯೂರೋಪಿನಿಂದ ವಲಸೆ ಬಂದವರ ಜೊತೆ ಬಂದವು. ಅವು ಕಾಡಿನ ತರಗಿನ ಹಾಸನ್ನೇ ತಿಂದು ಮುಗಿಸ್ತವೆ, ಅದರಲ್ಲಿ ಮೊಳೀಬೇಕಾದ ಗಿಡಗಳಿಗೆ ಜಾಗ ಇರಲ್ಲ. ಈಚೆಗೆ ಏಷ್ಯಾದಿಂದ ಬಂದ ಜಂಪಿಂಗ್ ವರ್ಮ್ ಇನ್ನೂ ಕೆಟ್ಟದ್ದು. ಅದು ಇದ್ದ ಕಡೆ ಮೇಲ್ಮಣ್ಣು ಕಾಫಿ ಚರಟದ ಹಾಗೆ ಉದುರುದುರು ಆಗಿರತ್ತೆ. ಅಂಥ ಮಣ್ಣು ಕಂಡ್ರೆ ಹೇಳಿ ಅಂತ ನಾವು ಬಂದವರಿಗೆಲ್ಲ ಹೇಳ್ತೀವಿ. ಎರೆಗೊಬ್ಬರದ ಸಬ್ಸಿಡಿ ತಗೊಂಡ ರೈತರಿಗೆ ಇದನ್ನ ಹೇಳೋಕೆ ನನಗೂ ಒಳಗೊಳಗೇ ಸಂಕಟ.

ಅವರೆ ವಿಷಯ. ಮಣ್ಣಿನ ಮೇಲೆ ತಪ್ಪು ಹೊರಿಸಬೇಡಿ ಅಂತ ಹೇಳಿ. ನಾಟಿ ಅವರೆ ಹಗಲು ಗಿಡ್ಡ ಆದಮೇಲೇ ಹೂವು ಬಿಡೋದು, ಅದಕ್ಕೇ ಅಲ್ವಾ ಊರಲ್ಲಿ ಸೊಗಡವರೆ ಚಳಿಗಾಲಕ್ಕೆ ಬರೋದು. ಮಂಡ್ಯದಲ್ಲಿ ಜೂನ್ ಹಗಲು ಹದಿಮೂರು ಗಂಟೆ ಹತ್ರ. ನಾವಿರೋದು 45 ಡಿಗ್ರಿ ಅಕ್ಷಾಂಶದಲ್ಲಿ, ಇಲ್ಲಿ ಹದಿನೈದೂವರೆ. ಬಳ್ಳಿಗೆ ಇನ್ನೂ ಬೇಸಿಗೆ ಅಂತಲೇ ಲೆಕ್ಕ, ಬರೀ ಎಲೆ ಹೊಡೀತಾ ಇರತ್ತೆ. ಸೆಪ್ಟೆಂಬರಲ್ಲಿ ಹಗಲು ಇಳಿದು ಮೊಗ್ಗು ಬರೋ ಹೊತ್ತಿಗೆ ಹಿಮ ಬಿದ್ದು ಬಳ್ಳಿ ಸುಟ್ಟು ಹೋಗತ್ತೆ. ಹಗಲಿನ ಹಂಗಿಲ್ಲದ ಅವರೆ ತಳಿ ಮಾಡಿದ್ದು ಯಾರು ಗೊತ್ತಾ? ನಿಮ್ಮ ತಂದೆಯವರ ಜಿಕೆವಿಕೆಯವರೇ, ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4.

ಧಾರವಾಡ_ಫೇಡೆ

ಅಕ್ಕಾರ ಎಲ್ಲಾ ಹೇಳ್ಯಾರ, ರಿಸರ್ಚ್ ಕಟ್ಟಡದ್ದು ನಾ ಹೇಳ್ತೀನಿ. ಪಿಎಚ್‌ಡಿ ಮಾಡೂ ಮುಂದ ನಮ್ಮ ಲ್ಯಾಬಿಂದೂ ಒಂದು ಟೇಬಲ್ ಅಲ್ಲಿತ್ತು. ಅದಕ್ಕ ಡ್ರಿವನ್ ಟು ಡಿಸ್ಕವರ್ ಅಂತಾರ, 2014ಕ್ಕ ಸುರು ಆತು. ಒಂದೊಂದು ಪಾಳಿಗೆ ಬ್ಯಾರೆ ಬ್ಯಾರೆ ವಿಭಾಗದವರು ಬಂದು ಕೂಡ್ತಾರ. ಒಬ್ಬಾತ ನಿದ್ದಿ ಬಗ್ಗೆ ಕೇಳ್ತಾನ, ಒಬ್ಬಾಕಿ ಕೈ ಹಿಡಿತದ ಬಲ ಅಳೀತಾಳ, ಇನ್ನೊಬ್ಬರು ಉಗುಳಿನ ಸ್ಯಾಂಪಲ್ ಕೇಳ್ತಾರ.

ನಮಗ ಯಾಕ ಬೇಕಾಗಿತ್ತು ಅಂದ್ರ, ಕ್ಯಾಂಪಸ್ಸಿನ್ಯಾಗ ಸಿಗೂ ಮಂದಿ ಎಲ್ಲಾ ಇಪ್ಪತ್ತರ ಹುಡುಗೂರು. ಫೇರ್‌ನ್ಯಾಗ ಅಜ್ಜಾ, ಅಜ್ಜಿ, ಸಣ್ಣ ಹುಡುಗೂರು, ದೂರದ ಹಳ್ಳ್ಯಾವರು ಎಲ್ಲಾರೂ ತಾವಾಗೇ ನಡಕೊಂತ ಬರ್ತಾರ. ತಿಂಗಳಾನುಗಟ್ಟಲೆ ಫೋನ್ ಹಚ್ಚಿ ಕರದ್ರೂ ಬರದಷ್ಟು ಮಂದಿ ಹನ್ನೆರಡ ದಿನದಾಗ ಸಿಗ್ತಾರ. ಜಾಹೀರಾತೂ ಹೌದು, ಇಲ್ಲಂತಿಲ್ಲ. ಆದ್ರ ಕೆಲಸಾನೂ ಖರೇನ ಆಗ್ತೈತಿ.

ಎಲ್ಲಾ ಅಧ್ಯಯನಕ್ಕೂ ನೀತಿ ಸಮಿತಿ ಒಪ್ಪಿಗಿ ಇರಬೇಕು, ಬಂದವರಿಗೆ ಒಪ್ಪಿಗಿ ಪತ್ರ ಕೊಡಬೇಕು. ಯಾವಾಗ ಬೇಕಾದ್ರೂ ಎದ್ದು ಬರಬಹುದು. ನಿಮ್ಮ ಅಪ್ಪಾರಿಗೆ ಇಂಗ್ಲಿಷ್ ಓದಾಕ ಬರೂದಿಲ್ಲ ಅಂದ್ರ ಹೆಚ್ಚಿನವರು ಸೇರಿಸ್ಕೊಳ್ಳೂದಿಲ್ಲ. ಮಗಾ ಬಾಯಿಲೆ ಹೇಳಿದ್ದು ಒಪ್ಪಿಗಿ ಅನ್ನಿಸ್ಕೊಳ್ಳೂದಿಲ್ಲ, ಅದಕ್ಕ ಬ್ಯಾಸರ ಮಾಡ್ಕೋಬ್ಯಾಡ್ರಿ. ನೀವು ಸೇರ್ರಿ, ಅವರು ನೋಡ್ಲಿ. ಉಗುಳು ಕೊಡಬೇಕು ಅಂದಾಗ ಮಾತ್ರ ಎರಡ ಪ್ರಶ್ನೆ ಕೇಳ್ರಿ: ಇದರಾಗಿನ ಜೀನ್ ಮಾಹಿತಿ ಎಷ್ಟು ವರ್ಷ ಇಟ್ಕೋತೀರಿ, ಬ್ಯಾರೆಯವರಿಗೆ ಕೊಡ್ತೀರೇನು. ಉತ್ತರ ಸಮಾಧಾನ ಆಗಲಿಲ್ಲ ಅಂದ್ರ ಕೈ ಮುಗದು ಬರ್ರಿ. ಬ್ಯಾಗಿನ ಆಸೆಗೆ ಸಹಿ ಹಾಕಬ್ಯಾಡ್ರಿ!

ಪಾಂಡವಪುರದ_ಹೈದ

ಅಕ್ಕ, ಧಾರವಾಡದ ಅಣ್ಣ, ತುಂಬಾ ಥ್ಯಾಂಕ್ಸ್. ಅವರೆ ವಿಷಯ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಎಚ್‌ಎ ಫೋರು ನಾನೇ ಹಾಕಿದೀನಲ್ಲೋ, ಸೊಗಡಿಲ್ಲ ಅಂತ ನಿಮ್ಮವ್ವನೇ ಬೇಡ ಅಂದ್ಲು" ಅಂದ್ರು. ಈಗ ಆ ಬೀಜ ಯಾರಾದ್ರೂ ಬರೋರ ಕೈಲಿ ತರಿಸು ಅಂತ ಒಂದೇ ಹಟ. ಎರೆಹುಳು ವಿಷಯ ಮಾತ್ರ ಒಪ್ತಿಲ್ಲ, "ಆ ಯಮ್ಮನ್ನೇ ಕೇಳ್ತೀನಿ" ಅಂತಿದ್ದಾರೆ. ಮೊದಲ ಶುಕ್ರವಾರ ಹೋಗೋಣ ಅಂತ.

ತೋಟದ_ಅಕ್ಕ

ಬರಲಿ, ಜಗಳ ಆಡೋರು ಬಂದ್ರೇನೇ ಚೆಂದ. ಶುಕ್ರವಾರ ಬೆಳಿಗ್ಗೆ ನಾನು ಇರ್ತೀನಿ, ಕನ್ನಡದಲ್ಲೇ ಮಾತಾಡೋಣ. ಬೀಜವನ್ನ ಸೂಟ್‌ಕೇಸಲ್ಲಿ ಹಾಗೇ ತರಿಸಬೇಡಿ. ಪರವಾನಗಿ ಕಾಗದ ಇಲ್ಲದಿದ್ರೆ ಏರ್‌ಪೋರ್ಟಲ್ಲೇ ಕಿತ್ಕೋತಾರೆ, ಮುಚ್ಚಿಟ್ಟು ತಂದ್ರೆ ದಂಡ. ಬರುವಾಗ ಬಳ್ಳಿಯ ಎಲೆ, ಒಂದು ಕುಡಿ, ಬುಡದ ಫೋಟೋ ತನ್ನಿ, ಎಲೆಯನ್ನ ಜಿಪ್ ಕವರಲ್ಲಿ ಹಾಕಿ. ಕಾರನ್ನ ಫೇರ್ ಹತ್ರ ತರೋ ಸಾಹಸ ಬೇಡ, ಉಚಿತ ಪಾರ್ಕ್ ಅಂಡ್ ರೈಡ್ ಜಾಗದಲ್ಲಿ ನಿಲ್ಲಿಸಿ ಬಸ್ಸಲ್ಲಿ ಬನ್ನಿ. ಅಮ್ಮನಿಗೆ ಕರಿದದ್ದು ಬೇಡ ಅಂದ್ರೆ ಕೆಂಡದ ಮೇಲೆ ಸುಟ್ಟ ಜೋಳ ಸಿಗತ್ತೆ. ಬೆಣ್ಣೆ ಅದ್ದಿ ಕೊಡ್ತಾರೆ, ಖಾರದಪುಡಿ ಮನೆಯಿಂದ ತನ್ನಿ.