‘ಪೋಷಕಾಂಶದ ಮಟ್ಟ’ ಎಂಬ ಬಳಕೆ ಹಸುವಿನ ಜೀರ್ಣಕ್ರಿಯೆಗೆ ಹೊಂದುತ್ತದೆಯೇ?

ಮಾನ್ಯರೇ,

ಬೆಂಗಳೂರಿನ ಸುತ್ತಲಿನ ಹೈನುಗಾರರಿಗಾಗಿ ಸಿದ್ಧವಾಗುತ್ತಿರುವ ಪುಸ್ತಿಕೆಯೊಂದರ ಕರಡನ್ನು ತಿದ್ದುತ್ತಿದ್ದೇನೆ. ಅದರಲ್ಲಿ ‘ಪಶು ಆಹಾರಕ್ಕೆ ಬೆರೆಸಿದ ಆಂಟಿಬಯೋಟಿಕ್ ಹಸುವಿನ ಹೊಟ್ಟೆಯಲ್ಲಿ ಪೋಷಕಾಂಶದ ಮಟ್ಟವನ್ನು ಹೆಚ್ಚಿಸುತ್ತದೆ’ ಎಂಬ ವಾಕ್ಯವಿದೆ. ಇಲ್ಲಿ ‘ಮಟ್ಟ’ ಎಂಬ ಪದ ಓದುಗರನ್ನು ದಾರಿ ತಪ್ಪಿಸುತ್ತದೆಂದು ನನಗೆ ತೋರುತ್ತದೆ.

ಕೆರೆಯ ನೀರಿನ ಮಟ್ಟ, ರಕ್ತದ ಸಕ್ಕರೆಯ ಮಟ್ಟ ಎನ್ನುವಾಗ ಒಂದೆಡೆ ಇರುವ ವಸ್ತುವನ್ನು ಅಳೆದು ಹೇಳುತ್ತೇವೆ. ಹಸುವಿನ ಮೊದಲ ಹೊಟ್ಟೆಯಾದ ರೂಮೆನ್‌ನಲ್ಲಿ ನಡೆಯುವುದು ಬೇರೆಯೇ. ಹೀಗೆ ಬೆರೆಸುವ ಆಂಟಿಬಯೋಟಿಕ್‌ಗಳಲ್ಲೊಂದಾದ ಮೊನೆನ್ಸಿನ್ ಅನ್ನೇ ನೋಡಿ: ಅದು ಯಾವ ಪೋಷಕಾಂಶವನ್ನೂ ಸೇರಿಸುವುದಿಲ್ಲ, ಅಲ್ಲಿ ಮೇವನ್ನು ಹುದುಗಿಸುವ ಬ್ಯಾಕ್ಟೀರಿಯಾಗಳಲ್ಲಿ ಕೆಲವನ್ನು ಅಡಗಿಸುತ್ತದೆ. ಇದರಿಂದ, ಮೇವು ಹುದುಗಿದಾಗ ಹುಟ್ಟುವ ಆಮ್ಲಗಳಲ್ಲಿ ಅಸಿಟಿಕ್ ಆಮ್ಲದ ಪಾಲು ಇಳಿದು ಪ್ರೊಪಿಯಾನಿಕ್ ಆಮ್ಲದ ಪಾಲು ಏರುತ್ತದೆ, ಈ ಎರಡನೆಯದರಿಂದ ಯಕೃತ್ತು ಗ್ಲೂಕೋಸ್ ತಯಾರಿಸಿಕೊಳ್ಳುತ್ತದೆ, ತೇಗಿನಲ್ಲಿ ಮೀಥೇನ್ ಆಗಿ ಹೊರಹೋಗುತ್ತಿದ್ದ ಶಕ್ತಿಯ ಒಂದಂಶ ಉಳಿಯುತ್ತದೆ, ಮೇವಿನ ಪ್ರೋಟೀನು ಅಮೋನಿಯಾ ಆಗಿ ಒಡೆಯುವುದು ತಗ್ಗಿ ಅದರ ಹೆಚ್ಚಿನ ಭಾಗ ಸಣ್ಣ ಕರುಳನ್ನು ತಲುಪುತ್ತದೆ. ತಿಂದ ಮೇವು ಅಷ್ಟೇ ಇದ್ದರೂ ಹಸುವಿಗೆ ದಕ್ಕುವ ಪಾಲು ಬದಲಾಗುತ್ತದೆ.

‘ಮಟ್ಟ ಹೆಚ್ಚುತ್ತದೆ’ ಎಂದು ಓದಿದ ರೈತರು ಇದನ್ನು ಖನಿಜ ಮಿಶ್ರಣದಂಥ ಪೂರಕವೆಂದು ಭಾವಿಸಿ, ಪಶುವೈದ್ಯರನ್ನು ಕೇಳದೆಯೇ ಹಿಂಡಿ, ಬೂಸಾದೊಡನೆ ಕಲಸಿಬಿಡಬಹುದು. ಅದೇ ಮೊನೆನ್ಸಿನ್ ಕುದುರೆಗೆ ಅಲ್ಪ ಪ್ರಮಾಣದಲ್ಲೂ ಮಾರಕ. ಬ್ಯಾಕ್ಟೀರಿಯಾಗಳು ಔಷಧಗಳಿಗೆ ಬಗ್ಗದಂತಾಗುವ ಭಯದಿಂದ ಐರೋಪ್ಯ ಒಕ್ಕೂಟವು ಬೆಳವಣಿಗೆಗೆಂದು ಆಂಟಿಬಯೋಟಿಕ್ ಬೆರೆಸುವುದನ್ನು 2006ರಿಂದ ಪೂರ್ಣವಾಗಿ ನಿಲ್ಲಿಸಿದೆ. ಹೀಗಿರುವಾಗ ಪದದ ಆಯ್ಕೆಯಲ್ಲಿ ಸಡಿಲಿಕೆ ಸಲ್ಲದು.

‘ಜೀರ್ಣತೆ’ ಎಂಬ ಪಾರಿಭಾಷಿಕ ಪದವನ್ನು ಯೋಚಿಸಿದೆ. ಆದರೆ ಅದು ಮೇವು ಎಷ್ಟು ಕರಗಿತೆಂಬುದನ್ನಷ್ಟೇ ಹೇಳುತ್ತದೆ, ಕರಗಿದ್ದು ಯಾವ ರೂಪ ತಾಳಿತೆಂಬುದನ್ನು ಹೇಳುವುದಿಲ್ಲ. ನಮ್ಮ ಕಡೆ ‘ತಿಂದದ್ದು ಮೈಗೆ ಹತ್ತಲಿಲ್ಲ’ ಎನ್ನುತ್ತಾರೆ, ದನಕ್ಕೂ ಮಗುವಿಗೂ. ಇದನ್ನು ಅನುಸರಿಸಿ, ‘ಮೇವಿನಲ್ಲಿ ಹಸುವಿನ ಮೈಗೆ ಹತ್ತುವ ಪಾಲು’ ಎಂದು ಬರೆಯಬಹುದೆಂಬುದು ನನ್ನ ಸೂಚನೆ. ‘ದಕ್ಕುವ ಪೋಷಕಾಂಶ’ ಎಂಬುದೂ ಒಪ್ಪುತ್ತದೆಯಾದರೂ ಮೊದಲನೆಯದು ಕೊಟ್ಟಿಗೆಯ ಮಾತಿಗೆ ಹತ್ತಿರವಿದೆ.

ಉತ್ತರ ಕರ್ನಾಟಕ ಮತ್ತು ಕರಾವಳಿಯಲ್ಲಿ ದನ ಸಾಕುವವರು ಈ ಅರ್ಥಕ್ಕೆ ಯಾವ ಮಾತನ್ನು ಬಳಸುತ್ತಾರೆ? ಪಶುವೈದ್ಯಕೀಯದ ಕನ್ನಡ ಬರಹಗಳಲ್ಲಿ ಇದಕ್ಕೆ ನೆಲೆಗೊಂಡ ಪದವಿದ್ದರೆ ಬಳಕೆಯ ವಾಕ್ಯದೊಡನೆ ತಿಳಿಸಬೇಕಾಗಿ ಕೋರುತ್ತೇನೆ.