ಓದುಗರ ಸ್ಪಂದನ: ಎದುರಿಗೆ ಸಿಕ್ಕಾಗ ಏನೂ ಅನ್ನಿಸಲಿಲ್ಲ, ಯಾಕೆ?

ಸಮಸ್ಯೆ: 1995ರಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುವಾಗ ಒಬ್ಬರನ್ನು ಪ್ರೀತಿಸಿದ್ದೆ. ಜಾತಿ ಬೇರೆ ಅಂತ ಮನೆಯಲ್ಲಿ ಒಪ್ಪಲಿಲ್ಲ. ಮೊನ್ನೆ ಗೆಳತಿಯ ಮಗಳ ಮದುವೆಯಲ್ಲಿ ಸಿಕ್ಕರು. ಸೈಟಿನ ರೇಟು, ಮಂಡಿ ನೋವು ಅಂತ ಮಾತಾಡಿದರು. ನನಗೆ ಏನೂ ಅನ್ನಿಸಲಿಲ್ಲ. ಇಷ್ಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆಲ್ಲ ಸುಳ್ಳಾ? ಈಗ ದಿನಾ ಗುಡ್ ಮಾರ್ನಿಂಗ್ ಮೆಸೇಜ್ ಕಳಿಸುತ್ತಾರೆ. ಯಜಮಾನರಿಗೆ ಹೇಳಲೇ?

ತಂಗೀ, ನೀವು ಪ್ರೀತಿಸಿದ್ದು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಜೊತೆಗೆ ನಡೆದ ಹುಡುಗನನ್ನು. ಮದುವೆ ಮನೆಯಲ್ಲಿ ಸಿಕ್ಕವರು ಐವತ್ತು ದಾಟಿದ ಗೃಹಸ್ಥರು. ನಡುವೆ ಅವರು ಎಷ್ಟು ಸಾಲ ತೀರಿಸಿದರೋ, ಯಾರನ್ನು ಕಳಕೊಂಡರೋ. ಅದ್ಯಾವುದರಲ್ಲೂ ನೀವಿರಲಿಲ್ಲ. ಮತ್ತೆ ಗುರುತು ಹತ್ತುವುದಾದರೂ ಹೇಗೆ?

ನಮ್ಮ ಕಾಲದ ಪ್ರೀತಿ ನನಗೂ ಗೊತ್ತು. ನೀಲಿ ಇನ್‌ಲ್ಯಾಂಡ್ ಲೆಟರ್‌ನಲ್ಲಿ ಜಾಗ ಸಾಲದೆ ಅಂಟು ಹಚ್ಚುವ ಮಡಿಕೆಯ ಮೇಲೂ ಸಣ್ಣಕ್ಷರದಲ್ಲಿ ಬರೆಯುತ್ತಿದ್ದೆವು. ಒಡೆಯುವಾಗ ಆ ಸಾಲೇ ಹರಿದುಹೋಗುತ್ತಿತ್ತು. ಅಲ್ಲಿ ಏನಿತ್ತೋ ಅಂತ ವಾರಗಟ್ಟಲೆ ಊಹೆ. ಎಸ್‌ಟಿಡಿ ಬೂತಿನಲ್ಲಿ ರಾತ್ರಿ ಚಾರ್ಜು ಇಳಿಯುವ ತನಕ ಕಾದು, ಕೊನೆಗೆ ಮೀಟರಿನ ಕೆಂಪು ಅಂಕಿ ಓಡುವುದು ಕಂಡು ಮಾತೇ ಹೊರಡುತ್ತಿರಲಿಲ್ಲ. ಮುಕ್ಕಾಲು ಪಾಲು ಪ್ರೀತಿ ನಾವೇ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದು, ಅಲ್ವಾ? ಹಾಗಂತ ಅದು ಸುಳ್ಳಲ್ಲ. ಆ ವಯಸ್ಸಿನಲ್ಲಿ ನೀವು ಅಷ್ಟು ಆಸೆಪಟ್ಟಿದ್ದು ನಿಜ. ಅದನ್ನು ಈಗ ಅವರ ಕೈಲಿ ಸಾಬೀತು ಮಾಡಿಸಬೇಕಾಗಿಲ್ಲ.
– ಓದುಗರು, ಧಾರವಾಡ

ನಾನು ಮನಃಶಾಸ್ತ್ರ ಪಾಠ ಮಾಡುವವಳು. ನಲವತ್ತು ದಾಟಿದವರಿಗೆ ಹಳೆಯದನ್ನು ಹೇಳಿ ಅಂದರೆ ಹೆಚ್ಚಾಗಿ ಬರುವುದು 10ರಿಂದ 30ರ ವಯಸ್ಸಿನ ನೆನಪುಗಳೇ. ಅದೂ ನೆನೆದಾಗಲೆಲ್ಲ ಸ್ವಲ್ಪ ಸ್ವಲ್ಪ ಬದಲಾಗುತ್ತಾ ಹೋಗುತ್ತದೆ. ನೀವು ಇಷ್ಟು ವರ್ಷ ತಿದ್ದಿ ತೀಡಿದ ಮುಖದ ಮುಂದೆ ಅವರು ಬಂದು ನಿಂತರು, ಪಾಪ. ಏನೂ ಅನ್ನಿಸದೆ ಇದ್ದದ್ದು ತಪ್ಪಲ್ಲ. ಅಳು, ನಿದ್ದೆ ಬಾರದಿರುವುದು ಬಹಳ ದಿನ ನಡೆದರೆ ಮಾತ್ರ 14416ಕ್ಕೆ ಕರೆ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.
– ಉಪನ್ಯಾಸಕಿ, ಶಿವಮೊಗ್ಗ

ಅಕ್ಕಾ, ಗಂಡಸರ ಕಡೆಯಿಂದ ಒಂದು ಮಾತು. ಸುತ್ತ ನೆಂಟರಿಷ್ಟರು ಇರುವಾಗ ಅವರು ಇನ್ನೇನು ಮಾತಾಡಬೇಕಿತ್ತು? ಸೈಟಿನ ರೇಟು ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ನಾನೂ ಹೀಗೇ ಒಂದು ಗೃಹಪ್ರವೇಶದಲ್ಲಿ ಮಳೆ ಬೆಳೆ ವಿಚಾರಿಸಿ ಎದ್ದು ಬಂದವನು. ಅವರ ಮನಸ್ಸಿನಲ್ಲಿ ಏನಿತ್ತೋ ಬಿಡಿ, ಕೆದಕುವುದು ಬೇಡ. ಗುಡ್ ಮಾರ್ನಿಂಗ್ ಮೆಸೇಜು ಸಾಮಾನ್ಯವಾಗಿ ನೂರು ಜನಕ್ಕೆ ಒಟ್ಟಿಗೆ ಹೋಗುವಂಥದ್ದು, ಸುಮ್ನೆ ಅದರಲ್ಲಿ ಅರ್ಥ ಹುಡುಕಬೇಡಿ. ಹಬ್ಬಕ್ಕೊಂದು ಶುಭಾಶಯ ಹೇಳಿದರೆ ಸಾಕು. ಅದಕ್ಕಿಂತ ಜಾಸ್ತಿಯಾಗಿ ರಾತ್ರಿ ಹೊತ್ತು ಫೋನು ಶುರುವಾದರೆ ನೇರವಾಗಿ ಬೇಡ ಅನ್ನಿ. ಯಜಮಾನರಿಗೆ ಹಳೆಯ ವಿಷಯ ಮೊದಲೇ ಗೊತ್ತಿದ್ದರೆ ಮದುವೆಯಲ್ಲಿ ಸಿಕ್ಕಿದ್ದನ್ನೂ ಇವತ್ತೇ ಹೇಳಿಬಿಡಿ. ಗೊತ್ತಿಲ್ಲದಿದ್ದರೆ, ಮನಸ್ಸು ಹೀಗೆ ಕದಡಿರುವಾಗ ಬೇಡ. ಸ್ವಲ್ಪ ದಿನ ಹೋಗಲಿ.
– ಓದುಗರು, ದಾವಣಗೆರೆ